ನಾಲ್ಕನೆಯ ಪೊಟ್ಟಣಕ್ಕೆ ಏಳು

ಕೆಂಪು ದೀಪದ ಕೆಳಗೆ ಅನ್ನವೂ ಒಂದೇ, ಸೊಪ್ಪೂ ಒಂದೇ. ಕಣ್ಣು ಹೋಗಿ ನಾಲಿಗೆಗೆ ಚಾಡಿ ಹೇಳಬಾರದೆಂದು ರುಚಿ ನೋಡುವ ಕೋಣೆಗೆ ಆ ದೀಪ ಹಾಕಿದ್ದರು. ಮೂರು ಕಡೆ ಹಲಗೆ ಕಟ್ಟಿದ ಆರು ಗೂಡುಗಳು, ಒಂದೊಂದರಲ್ಲಿ ಒಬ್ಬೊಬ್ಬರು, ಎದುರಿಗೊಂದು ಪುಟ್ಟ ಕಿಂಡಿ. ಕಿಂಡಿ ಸರಿಯುತ್ತದೆ, ಆಚೆಯಿಂದ ಒಂದು ಕೈ ಬಟ್ಟಲನ್ನು ಒಳಗೆ ತಳ್ಳುತ್ತದೆ, ಕಿಂಡಿ ಮುಚ್ಚಿಕೊಳ್ಳುತ್ತದೆ. ಬಟ್ಟಲಿನ ಮೇಲೆ ಅಡುಗೆಯ ಹೆಸರಿಲ್ಲ, ಮೂರಂಕಿಯ ಒಂದು ಸಂಖ್ಯೆ ಮಾತ್ರ. ಅವನು ಇವತ್ತಿನ ಮೂರನೆಯ ಬಟ್ಟಲನ್ನು ಮೂಗಿನ ಹತ್ತಿರ ತಂದು, ಇಪ್ಪತ್ತಾರು ವರ್ಷಗಳಿಂದ ಮಾಡಿದಂತೆ, ಕಣ್ಣು ಮುಚ್ಚಿ ಉಸಿರೆಳೆದ. ಏನೂ ಬರಲಿಲ್ಲ. ಬೀಗ ಹಾಕಿದ ಮನೆಯ ಕದ ತಟ್ಟಿದ ಹಾಗೆ, ಒಳಗೆ ಯಾರೂ ಇಲ್ಲವೆಂದು ಗೊತ್ತಿದ್ದೂ ಇನ್ನೊಮ್ಮೆ ಎಳೆದ. ಒಂದು ಚಮಚ ಬಾಯಿಗಿಟ್ಟುಕೊಂಡ. ಮೆತ್ತಗಿತ್ತು, ಬೆಚ್ಚಗಿತ್ತು, ಉಪ್ಪಿತ್ತು. ಪಕ್ಕದ ಗೂಡಿನಲ್ಲಿ ಯಾರೋ ಬಾಯಿ ಮುಚ್ಚಿಕೊಂಡೇ "ಹ್ಞೂಂ" ಎಂದರು. ಅದು ಮೆಚ್ಚಿಗೆಯೋ ಬೇಸರವೋ ಎಂದು ಅವನು ಕಿವಿ ನಿಮಿರಿಸಿದ. ಆಚೆ ಗೂಡಿನಲ್ಲಿ ಪೆನ್ಸಿಲು ಕಾಗದದ ಮೇಲೆ ಸುತ್ತು ಹಾಕಿ ಬಂದ ಸದ್ದಾಯಿತು. ನಾಲ್ಕಕ್ಕೆ ಅಷ್ಟು ಸುತ್ತು ಬೇಕಿಲ್ಲ, ಎಂಟೋ ಒಂಬತ್ತೋ ಇರಬೇಕು. ನಾಲಿಗೆಯ ಕೆಲಸವನ್ನು ಕಿವಿ ಮಾಡುವ ಕಾಲ ಬಂದಿತ್ತಲ್ಲ, ಶಿವನೇ, ಎಂದುಕೊಂಡು ಅವನು ತನ್ನ ಹಾಳೆಯಲ್ಲಿ ಏಳು ಎಂದು ಬರೆದ.

ಸಂಸ್ಥೆಯಲ್ಲಿ ಅವನಿಗೆ ನಾಲಿಗೆ ಎಂದೇ ಹೆಸರು. "ನಾಲಿಗೆ ಬಂದ್ರಾ?" "ನಾಲಿಗೆ ಒಪ್ಪಿದ್ರಾ?" ಎಂದು ಓಣಿಯಲ್ಲಿ ಕೇಳಿಕೊಳ್ಳುತ್ತಿದ್ದರು, ಅವನ ಎದುರಿಗೇ, ಗೌರವದಿಂದಲೇ. ಚಂದ್ರನನ್ನೂ ದಾಟಿ ಎರಡು ವರ್ಷ ತಿರುಗಿ ಬರುವ ಪಯಣಕ್ಕೆ ಊಟ ತಯಾರಿಸುವುದು ಅವರ ಕೆಲಸ. ಬೇಯಿಸಿ, ಹೆಪ್ಪುಗಟ್ಟಿಸಿ, ನೀರನ್ನೆಲ್ಲ ಹೀರಿ, ಗಾಳಿ ತೆಗೆದು ಬೆಳ್ಳಿ ಬಣ್ಣದ ಪೊಟ್ಟಣದಲ್ಲಿ ಬಿಗಿದ ಊಟ ಅದು. ಬಿಸಿನೀರು ತುಂಬಿ ಎಂಟು ನಿಮಿಷ ಕಾದರೆ ಮತ್ತೆ ಊಟವಾಗಬೇಕು. ಮೂರು ವರ್ಷ ಕೆಡಬಾರದು. ಕೆಡದಿದ್ದರೆ ಸಾಲದು, ರುಚಿಯೂ ಹೋಗಬಾರದು, ಯಾಕೆಂದರೆ ಊಟ ಬೇಸರವಾಯಿತೆಂದು ಬೀದಿ ತುದಿಯ ಅಂಗಡಿಗೆ ಹೋಗಿ ಏನಾದರೂ ಕಟ್ಟಿಸಿಕೊಂಡು ಬರುವ ಅನುಕೂಲ ಅಲ್ಲಿಲ್ಲ. ಅದಕ್ಕೇ ಉಗ್ರಾಣದ ಪೊಟ್ಟಣಗಳನ್ನು ಮೂರು ತಿಂಗಳಿಗೊಮ್ಮೆ ಒಡೆದು ಆರು ಜನ ರುಚಿ ನೋಡಿ, ಒಂದರಿಂದ ಒಂಬತ್ತರೊಳಗೆ ಅಂಕ ಕೊಡಬೇಕು. ಒಂದು ಎಂದರೆ ಉಗುಳುವಂಥದ್ದು, ಒಂಬತ್ತು ಎಂದರೆ ಇನ್ನೊಂದು ಬಟ್ಟಲು ಕೇಳುವಂಥದ್ದು. ಐವರ ಅಂಕ ಹೊಂದದಿದ್ದರೆ ಆರನೆಯವನ ಅಂಕವೇ ತೀರ್ಪು, ಆ ಆರನೆಯವನು ಇವನು. ಒಂದು ಕಾಲದಲ್ಲಿ ಬಟ್ಟಲು ಮೂಸಿ, ಇದನ್ನು ಕಲಕಿದವರು ಸ್ವಲ್ಪ ಮುಂಚೆ ಕಿತ್ತಳೆ ಸುಲಿದಿದ್ದಾರೆ ಎಂದಿದ್ದ. ಕಿಂಡಿಯ ಆಚೆಯಿದ್ದ ಅಡುಗೆಯವನು ಹೆದರಿ, ಹೌದು ಸಾರ್, ತಪ್ಪಾಯ್ತು, ಎಂದು ಒಪ್ಪಿಕೊಂಡಿದ್ದ. ಆ ಕಥೆ ಈಗಲೂ ಹೊಸಬರಿಗೆ ಹೇಳುತ್ತಾರೆ. ಹೇಳುವಾಗ ಇವನು ಅಲ್ಲೇ ಇದ್ದರೆ ಸುಮ್ಮನೆ ನಕ್ಕು ಬೇರೆ ಕಡೆ ನೋಡುತ್ತಾನೆ.

ಎಂಟು ತಿಂಗಳ ಹಿಂದೆ ಐದು ದಿನದ ಒಂದು ನೆಗಡಿ ಬಂದಿತ್ತು. ಆರನೆಯ ದಿನ ಸ್ನಾನಕ್ಕೆ ಹೋದರೆ ಕೈಯಲ್ಲಿದ್ದ ಸೋಪಿಗೆ ಕಲ್ಲಿನ ಹಾಗೆ ವಾಸನೆಯೇ ಇಲ್ಲ. ನೆಗಡಿ ಪೂರ್ತಿ ಹೋಗಿಲ್ಲ ಎಂದುಕೊಂಡ. ಹತ್ತು ದಿನ ಬಿಟ್ಟು ನೋಡೋಣ ಎಂದುಕೊಂಡ, ತಿಂಗಳು ಕಳೆಯಲಿ ಎಂದುಕೊಂಡ. ಸಿಹಿ, ಉಪ್ಪು, ಹುಳಿ, ಕಹಿ, ಖಾರ ಇಷ್ಟು ಉಳಿದಿದ್ದವು. ಮಿಕ್ಕದ್ದೆಲ್ಲ, ಅಂದರೆ ಊಟ ಎನ್ನುವುದೆಲ್ಲ, ಗಟ್ಟಿ, ಮೆತ್ತಗೆ, ಜಿಗುಟು, ಇಷ್ಟರಲ್ಲೇ ಮುಗಿಯುತ್ತಿತ್ತು. ಸಂಸ್ಥೆಯ ವೈದ್ಯರು ಸೀನಿದ್ದನ್ನೂ ಕಡತದಲ್ಲಿ ಬರೆಯುವ ಮನುಷ್ಯ. ಹೊರಗಿನ ವೈದ್ಯರೊಬ್ಬರ ಬಾಗಿಲ ತನಕ ಎರಡು ಸಲ ಹೋಗಿದ್ದ. ಎರಡನೆಯ ಸಲ ಒಳಗೂ ಹೋಗಿ ಕೂತು, ಸರದಿ ಬಂದು, ಅವರು "ಏನಾಗಿದೆ, ಏನು ಕೆಲಸ ಮಾಡ್ತೀರಿ?" ಎಂದು ಕೇಳಿದ್ದೇ ತಡ, ಮಂಡಿ ನೋವು ಎಂದುಬಿಟ್ಟ. ಅವರು ಮುಲಾಮು ಬರೆದುಕೊಟ್ಟರು. ತಂದ ತಪ್ಪಿಗೆ ಈಗಲೂ ರಾತ್ರಿ ಮಲಗುವ ಮುನ್ನ ಸರಿಯಿರುವ ಮಂಡಿಗೆ ಮುಲಾಮು ಹಚ್ಚಿಕೊಳ್ಳುತ್ತಾನೆ. ಕೆಲಸದಲ್ಲಿ ಏಳು ಅವನ ಕೈ ಹಿಡಿಯಿತು. ಅಡ್ಡಗೋಡೆಯ ಮೇಲೆ ದೀಪ ಇಟ್ಟಂಥ ಅಂಕಿ ಅದು, ಹೊಗಳಿದ ಹಾಗೂ ಇರುತ್ತದೆ, ಹೊಗಳದ ಹಾಗೂ ಇರುತ್ತದೆ. ತೀರ್ಪು ಹೇಳುವ ಮುನ್ನ ಐವರ ಹಾಳೆಗಳೂ ಅವನ ಮೇಜಿಗೇ ಬರುತ್ತಿದ್ದುದರಿಂದ, ಜನ ಎತ್ತ ವಾಲಿದ್ದಾರೆಂದು ನೋಡಿಕೊಂಡು ತಾನೂ ಸ್ವಲ್ಪ ಅತ್ತ ವಾಲಿದರೆ ಸಾಕಾಗುತ್ತಿತ್ತು. ಎಂಟು ತಿಂಗಳಲ್ಲಿ ಒಬ್ಬರೂ ಕೇಳಲಿಲ್ಲ. ಅದೇ ಅವನಿಗೆ ಎಲ್ಲಕ್ಕಿಂತ ದೊಡ್ಡ ಅವಮಾನವಾಗಿತ್ತು, ಆದರೆ ಯಾರ ಹತ್ತಿರ ಹೇಳಿಕೊಳ್ಳುವುದು.

ಪಟ್ಟಿಯ ನಾಲ್ಕನೆಯ ಪೊಟ್ಟಣ ಮಾತ್ರ ಗಂಟಲಲ್ಲಿ ಸಿಕ್ಕಿಕೊಂಡಿತ್ತು. ಎಣ್ಣೆಯಲ್ಲಿ ಹುರಿದ ಕಾಳು ಸೇರಿಸಿದ ಅನ್ನ ಅದು. ಮೂರು ತಿಂಗಳ ಹಿಂದೆ ಅದನ್ನು ಒಡೆದಾಗ ಮೂವರು ಎಂಟು ಕೊಟ್ಟರು, ಇಬ್ಬರು ನಾಲ್ಕು ಕೊಟ್ಟು ಪಕ್ಕದಲ್ಲಿ "ಏನೋ ಒಂಥರಾ" ಎಂದು ಬರೆದರು. ಆ ಇಬ್ಬರೂ ಹೊಸಬರು. ಹಳೆಯ ನಾಲಿಗೆಯಾಗಿದ್ದರೆ ಆ "ಒಂಥರಾ" ಯಾವ ಥರಾ ಎಂದು ಒಂದೇ ಉಸಿರಿಗೆ ಹೇಳುತ್ತಿತ್ತು. ಇವನು ಬಟ್ಟಲನ್ನು ಮೂರು ಸಲ ಮೂಸಿ, ಮೂರು ಚಮಚ ತಿಂದು, ಎರಡು ಕಡೆಯವರನ್ನೂ ನೋಡಿ ಏಳು ಕೊಟ್ಟ. ಹೊಸಬರು ಮುಖ ಸಣ್ಣದು ಮಾಡಿಕೊಂಡು, ತಮ್ಮ ಬಾಯೇ ಸರಿಯಿಲ್ಲವೇನೋ ಎಂದು ಕ್ಷಮೆ ಕೇಳಿದರು. ಪೊಟ್ಟಣ ಪಾಸಾಯಿತು. ಪಾಸಾದದ್ದು ಹಿತ್ತಲ ಕಟ್ಟಡದ ಮುಚ್ಚಿದ ಕೋಣೆಗೆ ಹೋಯಿತು. ಅಲ್ಲಿ ನಾಲ್ಕು ಜನ, ಆಕಾಶಕ್ಕೆ ಹೋಗಲು ಕಾದಿರುವವರು, ತೊಂಬತ್ತು ದಿನ ಹೊರಗೆ ಬಾರದೆ ಆ ಪೊಟ್ಟಣಗಳನ್ನೇ ತಿಂದು ಬದುಕಿ ತೋರಿಸಬೇಕು. ನಾಲ್ವರಲ್ಲಿ ಇಬ್ಬರನ್ನು ಆರಿಸುತ್ತಾರೆ. ಊಟಕ್ಕೆ ಗೊಣಗುವವನನ್ನು ಎರಡು ವರ್ಷ ಸಣ್ಣ ಡಬ್ಬಿಯಲ್ಲಿ ಜೊತೆಗಿಟ್ಟುಕೊಳ್ಳಲು ಯಾರಿಗೂ ಇಷ್ಟವಿಲ್ಲ, ಅದು ಆ ನಾಲ್ವರಿಗೂ ಗೊತ್ತು. ಹಾಗಾಗಿ ಒಳಗಿನಿಂದ ಬರುವ ಅಂಕಗಳೆಲ್ಲ ಎಂಟು, ಒಂಬತ್ತು, ಒಂಬತ್ತು, ಎಂಟು. ಇವತ್ತು ನಾಲ್ಕು ಗಂಟೆಗೆ ನಿರ್ದೇಶಕರ ಕೋಣೆಯಲ್ಲಿ ಅವನು ಪಟ್ಟಿಗೆ ಸಹಿ ಹಾಕಿದರೆ, ಎರಡು ವರ್ಷದ ಊಟ ಅದೇ ಪ್ರಕಾರ ಬೇಯುತ್ತದೆ. ಆಮೇಲೆ ಬದಲಾಯಿಸುವಂತಿಲ್ಲ.

ರುಚಿಕೋಣೆಯಿಂದ ಹೊರಗೆ ಬರುವುದಕ್ಕೂ ತಕ್ಕಡಿಯಮ್ಮ ಎದುರಾಗುವುದಕ್ಕೂ ಸರಿಹೋಯಿತು. ಮುಚ್ಚಿದ ಕೋಣೆಯಿಂದ ವಾಪಸು ಬರುವ ಪೊಟ್ಟಣಗಳಲ್ಲಿ ತಿನ್ನದೆ ಉಳಿದದ್ದನ್ನು ತೂಗಿ ಬರೆಯುವುದು ಅವಳ ಕೆಲಸ, ಅದಕ್ಕೇ ಆ ಹೆಸರು. ಕೈಯಲ್ಲಿ ಒಂದು ಒಡೆದ ಪೊಟ್ಟಣ ಹಿಡಿದಿದ್ದಳು.

"ಸಾರ್, ಒಂದ್ನಿಮಿಷ. ಇದು ನಾಕನೇದು. ಒಳಗಿರೋರು ಒಂಬತ್ತು ಅಂತ ಬರೀತಾರೆ, ಪೊಟ್ಟಣ ನೋಡಿದ್ರೆ ಮುಕ್ಕಾಲು ಹಾಗೇ ವಾಪಸ್ ಬರ್ತಿದೆ. ಹದಿನೆಂಟು ದಿನದಿಂದ ನೋಡ್ತಿದೀನಿ."

"ಷರಾದಲ್ಲಿ ಬರೆದಿಲ್ವಾ?"

"ಬರ್ದಿದೀನಿ. ಷರಾ ಯಾರು ಓದ್ತಾರೆ ಸಾರ್?" ಎಂದು ಪೊಟ್ಟಣವನ್ನು ಅವನ ಮೂಗಿನ ಕೆಳಗೇ ಹಿಡಿದಳು. "ಮೂಸಿ ನೋಡಿ. ಕಮಟು. ಎಣ್ಣೆ ಕೆಟ್ಟಿದೆ. ನಮ್ಮನೇಲಾಗಿದ್ರೆ ನಾಯಿಗೂ ಹಾಕ್ತಿರಲಿಲ್ಲ."

ಅವನು ಮೂಸಿದ. ಅಭ್ಯಾಸಬಲದಿಂದ ಕಣ್ಣನ್ನೂ ಮುಚ್ಚಿದ. "ಹೌದು, ಸ್ವಲ್ಪ ಇದೆ," ಎಂದ.

"ಸ್ವಲ್ಪಾನಾ?" ತಕ್ಕಡಿಯಮ್ಮ ಅವನ ಮುಖ ನೋಡಿದಳು. "ಬಾಗಿಲ ತನಕ ಹೊಡೀತಿದೆ ಸಾರ್!"

ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡ ಎನ್ನುತ್ತಾರಲ್ಲ, ಇವನ ಕೈ ಮೂಗಿಗೆ ಹೋಯಿತು. ನೆಗಡಿ ಎಂದ. ಅವಳಿಗೆ ಪಾಪ ಎನ್ನಿಸಿತೋ ಏನೋ, "ನೀವು ಏಳು ಕೊಟ್ಟಾಗ ಚೆನ್ನಾಗೇ ಇತ್ತೇನೋ ಬಿಡಿ, ಆಮೇಲೆ ಕೆಟ್ಟಿರ್ಬೇಕು," ಎಂದು ಅವನು ಓಡಿಹೋಗಲು ಒಂದು ದಾರಿಯನ್ನೂ ಮಾಡಿಕೊಟ್ಟಳು. ಆ ಕರುಣೆ ಅವನನ್ನು ಚುಚ್ಚಿತು. "ಇವತ್ತು ಸಂಜೆ ಸಹಿ ಅಂತೆ. ನೀವು ಹೇಳಿದ್ರೆ ಕೇಳ್ತಾರೆ ಸಾರ್. ಪಾಪ, ಅಷ್ಟು ದೂರ ಹೋಗೋರು," ಎಂದು ಹೇಳಿ, ಪೊಟ್ಟಣವನ್ನು ಅವನ ಕೈಗೇ ಕೊಟ್ಟು ತನ್ನ ತಕ್ಕಡಿಯ ಕಡೆ ನಡೆದಳು.

ಕೆಟ್ಟಿದೆ ಎಂದು ಹೇಳಬಹುದು. ಹೇಳಿದರೆ ಏಳು ಯಾಕೆ ಕೊಟ್ಟೆ ಎನ್ನುತ್ತಾರೆ. ಆಮೇಲೆ ಕೆಟ್ಟಿತು ಎನ್ನಬಹುದು, ಆದರೆ "ಏನೋ ಒಂಥರಾ" ಎಂಬ ಎರಡು ಹಾಳೆಗಳು ಕಡತದಲ್ಲಿ ಕೂತಿವೆ. ಮೂಗಿಲ್ಲ ಎಂದು ಹೇಳಿದರೆ ಮುಗಿಯಿತು. ಐವತ್ತೊಂದು ವರ್ಷದ ಮನುಷ್ಯನಿಗೆ ಮೂಗು, ನಾಲಿಗೆ ಬಿಟ್ಟರೆ ಬೇರೆ ವಿದ್ಯೆಯಿಲ್ಲ, ಬೇರೆ ಹೆಸರೂ ಇಲ್ಲ. ಬಾಯಿ ಬಿಟ್ಟರೆ ಬಣ್ಣಗೇಡು. ಬಿಡದಿದ್ದರೆ ಭೂಮಿ ಒಂದು ಚುಕ್ಕಿಯಾಗಿ ಕಾಣುವ ಯಾವುದೋ ಜಾಗದಲ್ಲಿ ಇಬ್ಬರು ಹಸಿದುಕೊಂಡು ಆ ಪೊಟ್ಟಣ ಹಿಡಿದು ಕೂತಿರುತ್ತಾರೆ. ಮೇಜಿನ ಮುಂದೆ ಕೂತು ಅವನು ಪೊಟ್ಟಣದಿಂದ ಒಂದು ಚಮಚ ತೆಗೆದು ತಿಂದ, ಇನ್ನೊಂದು ತಿಂದ. ಏನೂ ಆಗಲಿಲ್ಲ. ನಾಯಿಗೂ ಹಾಕದ ಅನ್ನ ನಿರಾಳವಾಗಿ ಇಳಿಯುತ್ತಿತ್ತು, ಅವನಿಗೆ ಸಿಟ್ಟು ಬಂತು, ಮೂರನೆಯ ಚಮಚವನ್ನೂ ತಿಂದ. ಏಳು ವರ್ಷದವನಿದ್ದಾಗ ಅವನು ಒಂದೇ ತುತ್ತಿಗೆ, ಇದು ನಿನ್ನೆಯದು, ಎಂದು ಹೇಳಿದ್ದ. ಮನೆಗೆ ಅಪ್ಪನ ಮೇಲಧಿಕಾರಿ ಊಟಕ್ಕೆ ಬಂದಿದ್ದರು. ಮೇಜಿನ ಸುತ್ತ ಎಲ್ಲರೂ ಕೂತಿದ್ದರು. ಅಮ್ಮ ಸಾಲದೆ ಹೋದೀತೆಂದು ಹಿಂದಿನ ದಿನದ್ದನ್ನು ಹೊಸದರ ಜೊತೆ ಕಲಸಿ ಬಿಸಿ ಮಾಡಿದ್ದಳು. ಯಾರಿಗೂ ಗೊತ್ತಾಗಿರಲಿಲ್ಲ. ಇವನು ಒಂದು ತುತ್ತು ತಿಂದು ತಲೆಯೆತ್ತಿ, ಅಮ್ಮಾ, ಇದರಲ್ಲಿ ನಿನ್ನೇದು ಇದೆ, ಅರ್ಧ ನಿನ್ನೇದು, ಎಂದು ಖುಷಿಯಿಂದ ಹೇಳಿದ. ಲೆಕ್ಕ ಸರಿಯಾಗಿತ್ತು, ಅರ್ಧವೇ. ಮೇಲಧಿಕಾರಿ ನಕ್ಕು, ಭಾರಿ ನಾಲಿಗೆ ಕಣಯ್ಯಾ ನಿನ್ನ ಮಗಂದು, ಎಂದರು. ಅಪ್ಪ ನಕ್ಕ. ಅಮ್ಮ ಕೈಯಲ್ಲಿದ್ದ ಪಾತ್ರೆಯನ್ನು ಕೆಳಗಿಡಲೂ ಆಗದೆ ಎತ್ತಲೂ ಆಗದೆ ನಿಂತಳು. ಆ ದಿನದಿಂದ ಬಂದವರೆದುರಿಗೆಲ್ಲ ಅಪ್ಪ ಅವನಿಂದ ರುಚಿ ಹೇಳಿಸುತ್ತಿದ್ದ, ಅಮ್ಮ ಅವನಿಗೆ ಬಡಿಸುವಾಗ ಅವನ ಮುಖ ನೋಡುತ್ತಿರಲಿಲ್ಲ. ಇದ್ದದ್ದನ್ನು ಇದ್ದ ಹಾಗೆ ಹೇಳಿದರೆ ಎದ್ದು ಬಂದು ಎದೆಗೆ ಒದೆಯುತ್ತಾರೆ ಎನ್ನುವ ಗಾದೆ ಸುಳ್ಳು, ಬಹುಮಾನ ಕೊಡುತ್ತಾರೆ, ಒದೆ ಬೇರೆ ಯಾರಿಗೋ ಬೀಳುತ್ತದೆ ಎಂದು ಅವನಿಗೆ ಈಗ ಅನ್ನಿಸಿತು.

ಮದುವೆಯಾದ ಮೇಲೆ ಅಮ್ಮನ ಆ ಜಾಗಕ್ಕೆ ಹೆಂಡತಿ ಬಂದಳು. ಇಪ್ಪತ್ತಮೂರು ವರ್ಷ ಅವನು ಅವಳಿಗೆ ಸತ್ಯವನ್ನೇ ಹೇಳಿದ. ಉಪ್ಪು ಒಂದು ಕಾಳು ಮುಂದಾಯಿತು, ಈರುಳ್ಳಿ ಅರ್ಧ ನಿಮಿಷ ಮುಂಚೆ ಇಳಿಸಬೇಕಿತ್ತು, ಈ ಎಣ್ಣೆ ಡಬ್ಬಿಯ ತಳದ್ದು. ಬೈದವನಲ್ಲ, ಎಂದೂ ದನಿ ಏರಿಸಿದವನಲ್ಲ, ಆ ವಿಷಯದಲ್ಲಿ ಅವನನ್ನು ಯಾರೂ ಬೆರಳು ಮಾಡಿ ತೋರಿಸುವಂತಿಲ್ಲ. ಒಮ್ಮೆ ಅವಳ ಅಕ್ಕನ ಎದುರಿಗೆ, ತಮಾಷೆಗೇ, ಇವತ್ತಿನದಕ್ಕೆ ಐದು ಕೊಡಬಹುದು ನೋಡಿ, ಎಂದಿದ್ದ. ಅವಳೂ ನಕ್ಕಿದ್ದಳು. ಅವನು ಮೊದಲ ತುತ್ತು ಎತ್ತುವಾಗ ಅವಳು ಅಡುಗೆಮನೆಯ ಬಾಗಿಲಲ್ಲಿ ನಿಂತು, ಒದ್ದೆಯಿಲ್ಲದ ಕೈಯನ್ನು ಬಟ್ಟೆಗೆ ಒರೆಸಿಕೊಳ್ಳುತ್ತಿದ್ದಳು. ಅವನ ಮಾತು ಮುಗಿದ ಮೇಲೆ ಒಳಗೆ ಹೋಗಿ ಒಬ್ಬಳೇ ಉಣ್ಣುತ್ತಿದ್ದಳು. ಮೂಗು ಹೋದ ಮೇಲೆ ಅವನಿಗೆ ಹೆದರಿಕೆಯಾಯಿತು. ತಪ್ಪು ಕಂಡುಹಿಡಿಯುವುದೇ ಗುರುತಾದವನಿಗೆ ತಪ್ಪು ಎಲ್ಲಿದೆಯೆಂದೇ ಕಾಣದೆ ಹೋದರೆ ಏನು ಮಾಡಬೇಕು? ಹೊಗಳಿದ. ಚೆನ್ನಾಗಿದೆ ಎಂದ. ಮರುದಿನ, ತುಂಬ ಚೆನ್ನಾಗಿದೆ ಎಂದ. ಮೊದಲ ವಾರ ಅವಳು ಅನುಮಾನದಿಂದ ನೋಡಿದಳು, ಎರಡನೆಯ ವಾರ ಕಿವಿಯ ತನಕ ಕೆಂಪಾದಳು, ಆಮೇಲೆ ತಟ್ಟೆ ತಂದು ಅವನ ಎದುರಿಗೇ ಕೂತು ಉಣ್ಣತೊಡಗಿದಳು. ಬೀದಿಯ ಕಥೆ, ಅಕ್ಕನ ಮನೆಯ ಕಥೆ, ತರಕಾರಿಯವಳ ಜೊತೆ ಆದ ಜಗಳದ ಕಥೆ, ಇಷ್ಟು ಮಾತು ಇವಳೊಳಗೆ ಎಲ್ಲಿತ್ತು ಎಂದು ಅವನಿಗೆ ಬೆರಗು. ಒಲೆಯ ಮುಂದೆ ಏನೋ ಗುನುಗಿಕೊಳ್ಳುತ್ತಾಳೆ. ಅಕ್ಕನಿಗೆ ಫೋನಿನಲ್ಲಿ, "ಇವರು ಈಗ ಎಷ್ಟು ಬದಲಾಗಿದ್ದಾರೆ ಗೊತ್ತೇನೇ," ಎನ್ನುವುದು ಕೇಳಿಸಿದಾಗ ಅವನು ಕಳ್ಳನ ಹಾಗೆ ಚಪ್ಪಲಿ ಮೆಟ್ಟಿಕೊಂಡು ಹೊರಗೆ ಹೋಗಿಬಿಟ್ಟಿದ್ದ.

ಮೂರೂಮುಕ್ಕಾಲಿಗೆ ಶೌಚಾಲಯಕ್ಕೆ ಹೋಗಿ ಕನ್ನಡಿಯ ಮುಂದೆ ನಿಂತು ಮುಖ ತೊಳೆದುಕೊಂಡ. ಹೇಳುವುದೆಂದು ಗಟ್ಟಿಮಾಡಿಕೊಂಡಾಗಿತ್ತು. "ನನಗೆ ವಾಸನೆ ಗೊತ್ತಾಗೋದಿಲ್ಲ," ಎಂದು ಮೆಲ್ಲಗೆ ಹೇಳಿ ನೋಡಿದ. ದನಿ ಅಳುಬುರುಕನದಾಯಿತು. ಗಂಟಲು ಸರಿಮಾಡಿಕೊಂಡು, "ನನಗೆ ವಾಸನೆ ಗೊತ್ತಾಗೋದಿಲ್ಲ!" ಎಂದ. ಮುಚ್ಚಿದ ಬಾಗಿಲ ಹಿಂದಿನಿಂದ ಲೆಕ್ಕದ ವಿಭಾಗದವನು, "ಕ್ಷಮಿಸಿ ಸಾರ್, ಹೊಟ್ಟೆ ಸ್ವಲ್ಪ ಸರಿಯಿಲ್ಲ. ಗೊತ್ತಾಗ್ತಿಲ್ಲ ಅಂತ ನೀವು ದೊಡ್ಡ ಮನಸ್ಸು ಮಾಡಿ ಹೇಳ್ತಿದೀರಿ," ಎಂದ. ಇವನು ಕೈ ಕೂಡ ಒರೆಸಿಕೊಳ್ಳದೆ ಹೊರಗೆ ಓಡಿದ.

ನಿರ್ದೇಶಕರ ಕೋಣೆಯಲ್ಲಿ ಇನ್ನೊಬ್ಬರು ಚಹಾ ಕುಡಿಯುತ್ತ ಕೂತಿದ್ದರು, ಮೇಲೆ ಹೋಗಿ ಬಂದವರು. ಮೇಲೆ ಹೋದವರು ಬರುವುದುಂಟೇ ಎನ್ನಬೇಡಿ, ಇವರು ರಾಕೆಟ್ಟಿನಲ್ಲಿ ಹೋಗಿ ಐದು ತಿಂಗಳಿದ್ದು ಬಂದವರು. "ಬನ್ನಿ ಬನ್ನಿ," ಎಂದು ನಿರ್ದೇಶಕರು ಅತಿಥಿಯ ಕಡೆ ತಿರುಗಿ, "ನಾನು ಹೇಳ್ತಿದ್ದೆನಲ್ಲ, ನಮ್ಮ ನಾಲಿಗೆ. ಇವರ ಬಾಯಿಗೆ ಬೀಳದೆ ಒಂದು ಅಗುಳೂ ಈ ಕಟ್ಟಡದಿಂದ ಆಚೆ ಹೋಗಲ್ಲ," ಎಂದು ಪಟ್ಟಿಯನ್ನೂ ಪೆನ್ನನ್ನೂ ಮುಂದೆ ಸರಿಸಿದರು.

"ನಾಲ್ಕನೇ ಪೊಟ್ಟಣ ಕೆಟ್ಟಿದೆ ಸಾರ್," ಎಂದ ಅವನು, ಕೂರದೆ.

"ಕೆಟ್ಟಿದೆಯಾ? ನೀವೇ ಏಳು ಕೊಟ್ಟಿದ್ದೀರಲ್ರೀ."

"ಕೊಟ್ಟಿದ್ದೆ. ನನಗೆ ವಾಸನೆ ಗೊತ್ತಾಗಲ್ಲ ಸಾರ್. ಎಂಟು ತಿಂಗಳಾಯ್ತು. ನಾನು ಕೊಟ್ಟ ಅಂಕ ಎಲ್ಲಾ ಸುಳ್ಳು."

ಹೇಳಿಯಾಯಿತು. ನಿರ್ದೇಶಕರ ಬಾಯಿ ತೆರೆದದ್ದು ತೆರೆದೇ ಇತ್ತು. ಮೊದಲು ನಕ್ಕವರು ಅತಿಥಿ.

"ಅಯ್ಯೋ, ಅಲ್ಲಿ ನನಗೂ ಹೀಗೇ ಆಗಿತ್ತು! ತೂಕ ಇಲ್ಲದ ಜಾಗ ನೋಡಿ, ಮೈಯಲ್ಲಿರೋ ನೀರೆಲ್ಲ ತಲೆಗೇರಿ ಐದು ತಿಂಗಳೂ ಮೂಗು ಕಟ್ಟಿಕೊಂಡೇ ಇತ್ತು. ಏನು ತಿಂದ್ರೂ ರಟ್ಟು ತಿಂದ ಹಾಗೆ. ಇವರು ಕೂತಲ್ಲೇ ಅಲ್ಲಿಗೆ ಹೋಗಿಬಿಟ್ಟಿದ್ದಾರಲ್ಲ!"

ನಿರ್ದೇಶಕರ ಮುಖ ನೋಡನೋಡುತ್ತ ಅರಳಿತು. "ಅಲ್ರೀ, ಇಂಥಾ ಅರ್ಹತೆ ಇಟ್ಕೊಂಡು ಎಂಟು ತಿಂಗಳು ಮುಚ್ಚಿಟ್ಟಿದ್ದೀರಾ! ಆ ಐದು ಜನದ್ದು ಭೂಮಿಯ ಬಾಯಿ. ನಿಮ್ಮದು ಆಕಾಶದ ಬಾಯಿ. ನಾಳೆಯಿಂದ ನಿಮ್ಮದೇ ಬೇರೆ ಗೂಡು, ಬೇರೆ ಹಾಳೆ. ಬೋರ್ಡು ಹಾಕಿಸೋಣ."

"ಸಾರ್, ನಾನು ಸುಳ್ಳು ಹೇಳಿದ್ದೀನಿ."

"ಸುಳ್ಳು ಹೇಗಾಗುತ್ತೆ? ಅಲ್ಲಿರೋರಿಗೆ ಅದು ಏಳೇ ಅನ್ನಿಸೋದು."

"ನಾನಾಗಿದ್ರೆ ಆರು ಕೊಡ್ತಿದ್ದೆ," ಎಂದು ಮೇಲೆ ಹೋಗಿ ಬಂದವರು ಮತ್ತೆ ನಕ್ಕರು.

"ಎಣ್ಣೆ ಕೆಟ್ಟಿದೆ ಸಾರ್, ತಿಂದವರ ಹೊಟ್ಟೆ ಕೆಡುತ್ತೆ," ಎಂದು ಅವನು ಪಟ್ಟು ಬಿಡದೆ ಹೇಳಿದ.

"ಅದನ್ನ ತೆಗೆದುಬಿಡೋಣ. ಹೊರೆ ಕಡಿಮೆ ಮಾಡೋದಕ್ಕೆ ನಾಲ್ಕನೆಯದನ್ನು ಕೈಬಿಡಲಾಗಿದೆ ಅಂತ ಬರೀರಿ. ಹಾವೂ ಸಾಯಲಿಲ್ಲ, ಕೋಲೂ ಮುರೀಲಿಲ್ಲ. ಅಂದಹಾಗೆ, ಕೆಟ್ಟಿದ್ದು ಕಂಡುಹಿಡಿದವರು ಯಾರು?"

"ಉಳಿದದ್ದನ್ನು ತೂಗ್ತಾರಲ್ಲ, ಅವರು. ಹದಿನೆಂಟು ದಿನದಿಂದ ಬರೀತಿದ್ದಾರೆ."

"ಓ." ನಿರ್ದೇಶಕರು ಬಿಸ್ಕತ್ತಿನ ತಟ್ಟೆಯನ್ನು ಇತ್ತ ಸರಿಸಿದರು. "ಅವರ ಹೆಸರು ಹಾಕಿದ್ರೆ, ಆರು ಜನ ತಜ್ಞರು ಏನು ಮಾಡ್ತಿದ್ರು ಅಂತ ಕೇಳ್ತಾರೆ. ನಿಮ್ಮದೇ ಹಾಕಿ. ತೂಗೋರು ತೂಗಲಿ ಬಿಡಿ. ಕೂತ್ಕೊಳ್ರೀ, ಬಿಸ್ಕತ್ತು ತಗೊಳ್ಳಿ."

ಎದೆಗೆ ಒದೆ ತಿನ್ನಲು ಹೋದವನಿಗೆ ಬಿಸ್ಕತ್ತು ಸಿಕ್ಕಿತು. ಅವನು ನಾಲ್ಕನೆಯ ಸಾಲಿನ ಮೇಲೆ ಗೀಟೆಳೆದು, ಅವರು ಹೇಳಿದ್ದನ್ನೇ ಬರೆದು, ಸಹಿ ಹಾಕಿದ. ಬಿಸ್ಕತ್ತು ಸಿಹಿಯಾಗಿತ್ತು, ಗರಿಗರಿಯಾಗಿತ್ತು. ಎಂಟು ತಿಂಗಳು ಹೊತ್ತಿದ್ದ ಪಾಪ ಇಷ್ಟು ಹಗುರವೇ ಎಂದು ಅವನಿಗೆ ನಾಚಿಕೆಯಾಯಿತು. ಹೊರಗೆ ಬಂದರೆ ತಕ್ಕಡಿಯಮ್ಮ ತಕ್ಕಡಿಗೆ ಬಟ್ಟೆ ಮುಚ್ಚಿ ಮನೆಗೆ ಹೊರಟಿದ್ದಳು. ಸುದ್ದಿ ಅವನಿಗಿಂತ ಮುಂಚೆ ಬಂದು ಮುಟ್ಟಿತ್ತು. "ನಾಕನೇದು ತೆಗೆದ್ರಂತೆ! ನಿಮ್ಮ ಮಾತು ಅಂದ್ರೆ ಮಾತು ಸಾರ್," ಎಂದಳು. ಅವನು, "ನಿಮ್ಮ ಹೆಸರು ಹೇಳಿದೆ ಅಮ್ಮಾ," ಎಂದ. ಅದು ನಿಜವೇ ಆಗಿತ್ತು, ಅಲ್ಲಿಗೇ ನಿಲ್ಲಿಸಬಹುದಿತ್ತು. "ಹೇಳಿದ್ರಾ? ಏನಂದ್ರು?" ಎಂದು ಅವಳು ಮುಖವಿಡೀ ಕಣ್ಣಾಗಿ ಕೇಳಿದಳು. "ತುಂಬಾ ಸಂತೋಷಪಟ್ಟರು," ಎಂದುಬಿಟ್ಟ. ಅವಳು ಚೀಲವನ್ನು ಹೆಗಲಿಗೇರಿಸಿ ಎಳೆಯ ಹುಡುಗಿಯಂತೆ ಮೆಟ್ಟಿಲಿಳಿದು ಹೋದಳು. ಇನ್ನೊಂದು ಏಳು ಕೊಟ್ಟಂತಾಯಿತು.

ಬಸ್ಸಿನಲ್ಲಿ ಕಿಟಕಿಯ ಪಕ್ಕ ಕೂತು ಅವನು ಯೋಚಿಸಿದ. ಯಾರಾದರೂ ಒಬ್ಬರು ಬೈಯಬೇಕಿತ್ತು. ಒಬ್ಬರಾದರೂ, ಥೂ, ಇಷ್ಟು ದಿನ ಮೋಸ ಮಾಡಿದೆಯಾ, ಎನ್ನಬೇಕಿತ್ತು. ಹಾಗೆ ಅನ್ನುವ ಹಕ್ಕಿರುವವಳು ಹೆಂಡತಿ ಒಬ್ಬಳೇ. ಅವಳಿಗೆ ಹೇಳಿದರೆ ಅವಳ ಈ ಎಂಟು ತಿಂಗಳೂ ಹೋಗುತ್ತವೆ, ಗುನುಗುವುದು ಹೋಗುತ್ತದೆ, ಎದುರಿಗೆ ಕೂತು ಉಣ್ಣುವುದು ಹೋಗುತ್ತದೆ. ಹೇಳದಿದ್ದರೆ ಬಾಳಿನುದ್ದಕ್ಕೂ ದಿನಕ್ಕೆರಡು ಸುಳ್ಳು. ಇಳಿಯುವ ನಿಲ್ದಾಣ ಬಂದರೂ ಏಳದೆ ಕೂತು, ಮುಂದಿನದರಲ್ಲಿ ಇಳಿದು, ವಾಪಸು ನಡೆದ.

ಹೆಂಡತಿ ಬೇಗನೆ ಬಡಿಸಿದಳು. ಇನ್ನೂ ಬೆಳಕಿತ್ತು, ದೀಪ ಹಾಕಿರಲಿಲ್ಲ. ಅನ್ನದ ಮೇಲೆ ತರಕಾರಿ ಹಾಕಿ, ತನ್ನ ತಟ್ಟೆಯನ್ನೂ ತಂದುಕೊಂಡು ಎದುರಿಗೆ ಕೂತು, "ಮೊದಲು ತಿಂದು ಹೇಳಿ, ಆಮೇಲೆ ಒಂದು ಕಥೆ ಇದೆ," ಎಂದಳು.

"ನನಗೆ ಏನೂ ಗೊತ್ತಾಗಲ್ಲ ಕಣೇ," ಎಂದ ಅವನು. "ವಾಸನೆ ಹೋಗಿ ಎಂಟು ತಿಂಗಳಾಯ್ತು. ನಾನು ಚೆನ್ನಾಗಿದೆ ಅಂದದ್ದೆಲ್ಲ ಸುಮ್ಮನೆ ಅಂದದ್ದು."

ಅವಳು ಕೈಯಲ್ಲಿದ್ದ ಚಮಚವನ್ನು ತಟ್ಟೆಯ ಅಂಚಿಗೆ ಒರಗಿಸಿದಳು. ಅವನು ತಲೆ ತಗ್ಗಿಸಿ ಕಾದ.

"ಗೊತ್ತು," ಎಂದಳು.

"ಏನು ಗೊತ್ತು?"

"ಅದೇ. ನೆಗಡಿ ಆಗಿತ್ತಲ್ಲ, ಅದಾಗಿ ಎರಡು ವಾರಕ್ಕೆ ಹಾಲು ತಳ ಹಿಡಿದು ಸೀದುಹೋಗಿತ್ತು. ಮನೆಯೆಲ್ಲಾ ನಾತ. ಚೆಲ್ಲೋಣ ಅಂತ ಲೋಟಕ್ಕೆ ಬಗ್ಗಿಸಿಟ್ಟಿದ್ದೆ, ನೀವು ಬಂದೋರು ಎತ್ತಿ ಗಟಗಟ ಕುಡಿದು, ಇವತ್ತು ಹಾಲು ಎಷ್ಟು ಘಮಘಮ ಅಂತಿದೆ ಅಂದ್ರಿ. ಆವತ್ತೇ ಗೊತ್ತಾಯ್ತು."

ಅವನಿಗೆ ಆ ಲೋಟದ ನೆನಪೇ ಇರಲಿಲ್ಲ. ಅವಮಾನಕ್ಕಿಂತ ಮೊದಲು ಸಿಟ್ಟು ಬಂತು. "ಗೊತ್ತಿದ್ದೂ ಸುಮ್ಮನಿದ್ದೆಯಾ? ಒಂದು ಮಾತು ಹೇಳಬಾರದಿತ್ತಾ? ಡಾಕ್ಟರ ಹತ್ರ ಹೋಗಬಹುದಿತ್ತು, ಔಷಧಿ ಏನಾದ್ರೂ..."

"ಅದಕ್ಕೇ ಹೇಳಲಿಲ್ಲ," ಎಂದಳು ಹೆಂಡತಿ. ಅವಳ ಗಲ್ಲ ನಡುಗುತ್ತಿತ್ತು, ಆದರೆ ಮಾತು ನಡುಗಲಿಲ್ಲ. "ಹೋಗಿದ್ರೆ ವಾಸಿ ಆಗಿಬಿಡ್ತಿತ್ತಲ್ಲ."

ಬೀದಿಯಲ್ಲಿ ಯಾರೋ ಯಾರನ್ನೋ ಕೂಗಿ ಕರೆದರು, ಕರೆಸಿಕೊಂಡವರು ಓಗೊಟ್ಟರು. ಅವಳು ಅಳುತ್ತಿದ್ದಳು, ಕಣ್ಣೊರೆಸಿಕೊಳ್ಳುವ ಗೋಜಿಗೂ ಹೋಗದೆ. "ಸುಮ್ಮನೆ ಅಂತೀರಿ ಅಂತ ನನಗೂ ಗೊತ್ತಿತ್ತು ರೀ. ಸುಮ್ಮನೆ ಅಂದ್ರೂ ಎಷ್ಟು ಚೆನ್ನಾಗಿರುತ್ತೆ ಅಂತ ನಿಮಗೇನು ಗೊತ್ತು. ಇಪ್ಪತ್ತಮೂರು ವರ್ಷ ನಿಜ ಕೇಳಿದೀನಿ ನಾನು. ಒಂದು ದಿನ ತಪ್ಪದೆ ಕೇಳಿದೀನಿ."

ಅವನಿಗೆ ಏನಾದರೂ ಹೇಳಬೇಕೆನ್ನಿಸಿತು. ಕ್ಷಮಿಸು ಎನ್ನಬಹುದಿತ್ತು, ಆದರೆ ಆ ಮಾತನ್ನು ಇವತ್ತು ಬೇರೆ ಕಡೆ ಖರ್ಚು ಮಾಡಲು ಹೋಗಿ ಬಿಸ್ಕತ್ತು ತಿಂದು ಬಂದಿದ್ದ. ತಟ್ಟೆ ನೋಡಿದ. ಬಿಳಿಯದು, ಹಸಿರಿನದು, ಸ್ವಲ್ಪ ಹಳದಿ. ಒಂದು ತುತ್ತು ತಿಂದ. ಮೆತ್ತಗಿತ್ತು, ಬೆಚ್ಚಗಿತ್ತು. ಎಂಟು ತಿಂಗಳಿಂದ ಅವನಿಗೆ ಗೊತ್ತಾಗುತ್ತಿರಲಿಲ್ಲ, ಇವತ್ತು ಮೊದಲ ಸಲ ತಿಳಿಯಬೇಕೆನ್ನಿಸಿತು.

"ಹೇಗಿದೆ?" ಎಂದು ಕೇಳಿದ.

ಅವಳು ಅವನ ಮುಖವನ್ನೇ ನೋಡಿದಳು, ಗೇಲಿಯೇನೋ ಎಂದು. ಅಲ್ಲವೆಂದು ತಿಳಿದ ಮೇಲೆ ಚಮಚ ಎತ್ತಿಕೊಂಡು ಒಂದು ತುತ್ತು ಬಾಯಿಗಿಟ್ಟು, ಅವಸರ ಮಾಡದೆ, ಪೂರ್ತಿ ಅಗಿದು ನುಂಗಿದಳು. ಅವನು ಕಾಯುತ್ತಿದ್ದ.

"ಚೆನ್ನಾಗಿದೆ," ಎಂದಳು. "ಯಾವತ್ತೂ ಚೆನ್ನಾಗೇ ಇತ್ತು."